ಕೂಸಿನ ಕಣ್ಣಿನ ಪೊರೆ

ಹುಟ್ಟಿದ ಕೂಸಿನ ಕಣ್ಣಪಾಪೆಯಲ್ಲಿ ಬೆಳ್ಳಗೆ ಏನಾದರೂ ಕಂಡರೆ ನಮ್ಮ ಮನೆಗಳಲ್ಲಿ ಮೊದಲು ಪಂಚಾಂಗ ತಿರುವುತ್ತಾರೆ, ಬಸುರಿಯ ಮೇಲೆ ಗ್ರಹಣದ ನೆರಳು ಬಿದ್ದಿತ್ತೇ ಎಂದು. ಪೊರೆಗೆ ಕಾರಣಗಳು ಹಲವು. ಕೂಡಲೇ ವೈದ್ಯರಿಗೆ ತೋರಿಸಿರಿ. ಆದರೆ ತಾಯಿಯನ್ನು ಕೇಳಬೇಕಾದ ಪ್ರಶ್ನೆಯೊಂದುಂಟು: ಬಸಿರಿನ ಮೊದಲ ತಿಂಗಳುಗಳಲ್ಲಿ ಸಣ್ಣ ಜ್ವರ ಬಂದು ಮೈಮೇಲೆ ಕೆಂಪು ದದ್ದು ಎದ್ದಿತ್ತೇ?

ಈ ನಂಟನ್ನು ಕಂಡುಹಿಡಿದವರು ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್. ಹುಟ್ಟುಪೊರೆಯ ಕೂಸುಗಳು ಒಂದರ ಹಿಂದೊಂದು ಬರತೊಡಗಿದ್ದವು. ಬಸುರಿದ್ದಾಗ ತಮಗೆ ಜರ್ಮನ್ ದಡಾರ ಬಂದಿತ್ತೆಂದು ತಾಯಂದಿರು ಮಾತಾಡಿಕೊಳ್ಳುವುದು ಅವರ ಕಿವಿಗೆ ಬಿತ್ತಂತೆ. 1941ರಲ್ಲಿ ಅವರು ವರದಿ ಮಾಡಿದ 78 ಕೂಸುಗಳಲ್ಲಿ 68ರ ತಾಯಂದಿರಿಗೆ ಆ ಬೇನೆ ಬಂದಿತ್ತು. ಹೆಂಗಸರ ಮಾತನ್ನು ಹರಟೆಯೆಂದು ತಳ್ಳದ ವೈದ್ಯರು ಅವರು.

ಇದನ್ನು ತರುವುದು ರುಬೆಲ್ಲಾ ವೈರಸ್. ತಾಯಿಗೆ ಮೂರು ದಿನದ ಕಾಟ. ಎಷ್ಟೋ ಮಂದಿಗೆ ದದ್ದೂ ಏಳುವುದಿಲ್ಲ. ಒಳಗಿನ ಪಿಂಡಕ್ಕೆ ಹಾಗಲ್ಲ. ಮೊದಲ ಮೂರು ತಿಂಗಳು ಕಣ್ಣು, ಕಿವಿ, ಹೃದಯಗಳು ರೂಪುಗೊಳ್ಳುವ ಕಾಲ. ಪೊರೆ ಕಣ್ಣಿಗೆ ಕಾಣುತ್ತದೆ, ಹೃದಯದ ದೋಷ ವೈದ್ಯರ ಸ್ಟೆತಾಸ್ಕೋಪಿಗೆ ಕೇಳಿಸೀತು. ಎಲ್ಲಕ್ಕಿಂತ ಹೆಚ್ಚಾಗಿ ಬರುವ ಕಿವುಡು ಮಾತ್ರ ಅಡಗಿ ಕೂತಿರುತ್ತದೆ. ಕರೆದರೂ ತಿರುಗದ ಮಗುವನ್ನು ಮೊಂಡನೆಂದು ಗದರುವ ಮನೆಗಳಿವೆ, ಶಾಲೆಗಳೂ ಇವೆ.

ಖಚಿತಪಡಿಸಿಕೊಳ್ಳಲು ಕೂಸಿನ ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕುತ್ತಾರೆ. ಇಲ್ಲೊಂದು ತೊಡಕುಂಟು. ಐಜಿಜಿ ಎಂಬ ಪ್ರತಿಕಾಯ ತಾಯಿಯಿಂದ ಮಾಸುವನ್ನು ದಾಟಿ ಬರುತ್ತದೆ. ಅದು ತಾಯಿ ಕೊಟ್ಟ ಬಳುವಳಿಯಾಗಿರಬಹುದಾದ್ದರಿಂದ, ಅದೊಂದರಿಂದಲೇ ಕೂಸಿಗೆ ಸೋಂಕಿದೆ ಎನ್ನಲಾಗದು. ಐಜಿಎಂ ಹಾಗೆ ದಾಟಲಾರದು. ಅದು ಕಂಡರೆ ಕೂಸಿನ ಸ್ವಯಾರ್ಜಿತ, ಅಂದರೆ ಕೂಸೇ ವೈರಸ್ಸಿನೊಡನೆ ಹೋರಾಡಿದೆ. ಬಳುವಳಿ ತಿಂಗಳುಗಳು ಕಳೆದಂತೆ ಕರಗುತ್ತದೆ. ಲಸಿಕೆ ಹಾಕಿಸುವ ಮುನ್ನವೇ ಐಜಿಜಿ ಕರಗದೆ ನಿಂತಿದ್ದರೆ ಅದೂ ಸಾಕ್ಷಿಯೇ. ಗಂಟಲಿನ ದ್ರವದಲ್ಲಿ, ಮೂತ್ರದಲ್ಲಿ ವೈರಸ್ಸನ್ನೇ ಹುಡುಕುವುದೂ ಉಂಟು.

ಈ ವೈರಸ್ಸನ್ನು ಓಡಿಸುವ ಮದ್ದಿಲ್ಲ. ಪೊರೆಗೆ ಶಸ್ತ್ರಚಿಕಿತ್ಸೆ, ಕಿವಿಗೆ ಯಂತ್ರ, ಇವು ಬೇಗ ಆದಷ್ಟೂ ಲೇಸು. ತಡೆಗೆ ಲಸಿಕೆಯಿದೆ, 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಆಂದೋಲನ ಮೊದಲು ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬಸುರಿಯರಿಗೆ ಈ ಲಸಿಕೆ ಹಾಕುವಂತಿಲ್ಲ, ಮುಂಚೆಯೇ ಆಗಿರಬೇಕು.

ಸೋಂಕಿನೊಡನೆ ಹುಟ್ಟಿದ ಕೂಸು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಜೊಲ್ಲು ಮೂತ್ರಗಳಲ್ಲಿ ವೈರಸ್ಸನ್ನು ಹೊರಹಾಕುತ್ತದೆ. ನಾಮಕರಣಕ್ಕೆ ಬಂದ ಬಸುರಿಯರ ಮಡಿಲಿಗೆ ಅದನ್ನು ಕೊಡಬೇಡಿರಿ.