ಈರುಳ್ಳಿ ಸಿಪ್ಪೆಯಿಂದ ಮುಂದಕ್ಕೆ

ಮಾಧ್ಯಮಿಕ ಶಾಲೆಯ ವಿಜ್ಞಾನದಲ್ಲಿ ಜೀವಕೋಶ ಒಂದು ಪಾಠ, ಸಂತಾನೋತ್ಪತ್ತಿ ಇನ್ನೊಂದು ಪಾಠ. ನಡುವೆ ಬೇರೇನೇನೋ ಬಂದುಹೋಗಿ, ಇವೆರಡಕ್ಕೂ ಸಂಬಂಧವೇ ಇಲ್ಲವೇನೋ ಅನ್ನಿಸಿಬಿಡುತ್ತದೆ. ಕೋಶದ ಪಾಠದ ದಿನ ಬೀರುವಿನಿಂದ ಹೊರಬಂದ ಸೂಕ್ಷ್ಮದರ್ಶಕ, ಈರುಳ್ಳಿ ಸಿಪ್ಪೆಯನ್ನು ತೋರಿಸಿ ಮತ್ತೆ ಬೀರು ಸೇರುತ್ತದೆ. ಸಂತಾನೋತ್ಪತ್ತಿಯ ಪಾಠಕ್ಕೆ ಅದನ್ನು ಯಾರೂ ಕರೆಯುವುದಿಲ್ಲ. ಆ ಪಾಠವನ್ನು ಗೋಡೆಯ ಚಿತ್ರಪಟ ತೋರಿಸಿಯೋ, ಮುಜುಗರದಿಂದ ಬೇಗಬೇಗ ಓದಿಸಿಯೋ ಮುಗಿಸುತ್ತಾರೆ. ನನಗೆ ಇದು ದೊಡ್ಡ ನಷ್ಟವಾಗಿ ಕಾಣುತ್ತದೆ. ಸಂತಾನೋತ್ಪತ್ತಿ ನಡೆಯುವುದೇ ಕೋಶಗಳಲ್ಲಿ. ಅದರ ಮುಖ್ಯವಾದ ಒಂದೆರಡು ಘಟ್ಟಗಳನ್ನು ಶಾಲೆಯ ಅದೇ ಸೂಕ್ಷ್ಮದರ್ಶಕದಲ್ಲಿ, ಹಿತ್ತಲಿನ ಹೂವನ್ನೇ ಇಟ್ಟುಕೊಂಡು ನೋಡಬಹುದು.

ಮೊದಲು ಈರುಳ್ಳಿ ಸಿಪ್ಪೆಯನ್ನೇ ಸರಿಯಾಗಿ ನೋಡೋಣ. ಈರುಳ್ಳಿಯ ಒಂದು ದಪ್ಪ ಪದರವನ್ನು ಮುರಿದರೆ ಅದರ ಒಳಮೈಯಿಂದ ತೆಳುವಾದ, ಪಾರದರ್ಶಕವಾದ ಪೊರೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಅದರ ಚೂರೊಂದನ್ನು ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ, ಮಡಿಕೆ ಬೀಳದಂತೆ ಹರಡಬೇಕು. ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್ನನ್ನು ನೀರು ಬೆರೆಸಿ ತೆಳುಮಾಡಿ ಒಂದು ಹನಿ ಹಾಕಿದರೆ ಕೋಶಕೇಂದ್ರ ಹಳದಿ ಕಂದಾಗಿ ಎದ್ದು ಕಾಣುತ್ತದೆ. ಕವರ್ ಸ್ಲಿಪ್ಪನ್ನು ಮೇಲಿಂದ ಬೀಳಿಸಬಾರದು. ಒಂದು ಅಂಚನ್ನು ನೀರಿಗೆ ತಾಗಿಸಿ, ಓರೆಯಾಗಿ ಹಿಡಿದು, ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸಬೇಕು. ಇಲ್ಲದಿದ್ದರೆ ಗಾಳಿಯ ಗುಳ್ಳೆ ಸೇರಿಕೊಳ್ಳುತ್ತದೆ. ದಪ್ಪ ಕಪ್ಪು ಅಂಚಿನ, ನುಣ್ಣಗೆ ದುಂಡಾದ ಆ ಗುಳ್ಳೆಯನ್ನೇ ಕೋಶವೆಂದು ಎಷ್ಟೋ ಮಕ್ಕಳು ಚಿತ್ರ ಬರೆದುಕೊಂಡು ಹೋಗುತ್ತಾರೆ.

ಉಪಕರಣವನ್ನು ಬಳಸುವುದಕ್ಕೂ ಒಂದು ಕ್ರಮವಿದೆ. ಶಾಲೆಗಳಲ್ಲಿರುವ ಸೂಕ್ಷ್ಮದರ್ಶಕದ ನೇತ್ರಮಸೂರ ಸಾಮಾನ್ಯವಾಗಿ 10 ಪಟ್ಟಿನದು. ಕೆಳಗಿನ ವಸ್ತುಮಸೂರ 10 ಪಟ್ಟಿನದಾದರೆ ಒಟ್ಟು ಹಿಗ್ಗುವಿಕೆ 100, 40 ಪಟ್ಟಿನದಾದರೆ 400. ಶುರುಮಾಡುವುದು ಯಾವಾಗಲೂ ಚಿಕ್ಕದರಿಂದ. ಪಕ್ಕದಿಂದ ನೋಡುತ್ತಾ ಮಸೂರವನ್ನೂ ಸ್ಲೈಡನ್ನೂ ಹತ್ತಿರ ತಂದು, ಆಮೇಲೆ ಕಣ್ಣಿಟ್ಟು, ಎರಡನ್ನೂ ದೂರ ಸರಿಸುತ್ತಾ ಬಿಂಬವನ್ನು ಹುಡುಕಬೇಕು. ಹಾಗೆ ಮಾಡಿದರೆ ಮಸೂರ ಗಾಜಿಗೆ ಬಡಿಯುವುದಿಲ್ಲ. ದೊಡ್ಡ ಮಸೂರಕ್ಕೆ ಹೋದ ಮೇಲೆ ಸಣ್ಣ ತಿರುಪನ್ನಷ್ಟೇ ಮುಟ್ಟಬೇಕು. ಕನ್ನಡಿ ಇರುವ ಉಪಕರಣವಾದರೆ ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಬೇಕೇ ಹೊರತು ಸೂರ್ಯನತ್ತ ಎಂದಿಗೂ ತಿರುಗಿಸಬಾರದು, ಅದು ಕಣ್ಣಿಗೆ ಅಪಾಯ. ಬಿಂಬ ತಲೆಕೆಳಗಾಗಿರುವುದರಿಂದ ಸ್ಲೈಡನ್ನು ಎಡಕ್ಕೆ ಸರಿಸಿದರೆ ಚಿತ್ರ ಬಲಕ್ಕೆ ಓಡುತ್ತದೆ. ಕೈಗೆ ಇದು ರೂಢಿಯಾಗಲು ಸ್ವಲ್ಪ ಹೊತ್ತು ಬೇಕು.

ಇಲ್ಲಿ ಅಳತೆಯೂ ಸಾಧ್ಯ. ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು 100 ಪಟ್ಟಿನಲ್ಲಿಟ್ಟು ನೋಡಿದರೆ ಬೆಳಕಿನ ವೃತ್ತದ ಅಗಲ ಎಷ್ಟು ಮಿಲಿಮೀಟರ್ ಎಂದು ಗೊತ್ತಾಗುತ್ತದೆ. ಅದು ಒಂದೂವರೆ ಮಿಲಿಮೀಟರ್ ಇದ್ದು, ಅಷ್ಟರಲ್ಲಿ ಈರುಳ್ಳಿಯ ಐದು ಕೋಶಗಳು ಉದ್ದಕ್ಕೆ ಹಿಡಿದರೆ, ಒಂದೊಂದರ ಉದ್ದ 0.3 ಮಿಲಿಮೀಟರ್. ಹನ್ನೆರಡು ವರ್ಷದ ಮಗು ತಾನೇ ಒಂದು ಜೀವಕೋಶವನ್ನು ಅಳೆಯಿತು ಎಂದರೆ ಅದು ಸಣ್ಣ ಸಂಗತಿಯಲ್ಲ.

ಇನ್ನು ಚಿತ್ರದ ಮಾತು. ಈರುಳ್ಳಿ ಸಿಪ್ಪೆಯಲ್ಲಿ 400 ಪಟ್ಟಿನಲ್ಲಿ ಕಾಣುವುದು ಕೋಶಭಿತ್ತಿ, ಕೋಶಕೇಂದ್ರ, ಅಂಚಿಗೆ ಒತ್ತಿಕೊಂಡ ತೆಳು ಕೋಶದ್ರವ್ಯ, ಮತ್ತು ನಡುವೆ ಖಾಲಿಯಂತೆ ತೋರುವ ರಸದಾನಿ. ಮೈಟೊಕಾಂಡ್ರಿಯ ಕಾಣುವುದಿಲ್ಲ. ಹಸಿರು ಕಣಗಳೂ ಇರುವುದಿಲ್ಲ, ಏಕೆಂದರೆ ಗೆಡ್ಡೆಯ ಒಳಪದರಕ್ಕೆ ಬೆಳಕೇ ತಾಗಿಲ್ಲ. ಆದರೂ ಪ್ರಯೋಗದ ಪುಸ್ತಕಗಳಲ್ಲಿ ಇವೆಲ್ಲ ಅಚ್ಚುಕಟ್ಟಾಗಿ ಮೂಡಿರುತ್ತವೆ. ಕಾಣದ್ದನ್ನು ಬರೆದ ಚಿತ್ರಕ್ಕೆ ಪೂರ್ಣ ಅಂಕ, ಕಂಡದ್ದನ್ನೇ ಸೊಟ್ಟಸೊಟ್ಟಾಗಿ ಬರೆದದ್ದಕ್ಕೆ ಅರ್ಧ ಅಂಕ ಕೊಡುವ ಪದ್ಧತಿ ಮೊದಲು ಹೋಗಬೇಕು.

ಕೋಶವನ್ನು ಮೊದಲು ವಿವರಿಸಿದವನು ಇಂಗ್ಲೆಂಡಿನ ರಾಬರ್ಟ್ ಹುಕ್. 1665ರಲ್ಲಿ ಪ್ರಕಟವಾದ ‘ಮೈಕ್ರೋಗ್ರಾಫಿಯಾ’ ಪುಸ್ತಕದಲ್ಲಿ ಅವನು ಬಿರಡೆಯ ತೆಳು ಹೋಳೊಂದರ ಚಿತ್ರ ಕೊಟ್ಟ. ಜೇನುಹುಟ್ಟಿನಂತೆ ಸಾಲುಸಾಲು ಗೂಡುಗಳು. ಒಂದು ಘನ ಅಂಗುಲದಲ್ಲಿ ಅಂಥವು ಸುಮಾರು 126 ಕೋಟಿ ಇರಬೇಕೆಂದು ಲೆಕ್ಕವನ್ನೂ ಹಾಕಿದ. ಅವನು ಬಿರಡೆಯಲ್ಲಿ ಕಂಡದ್ದು ಸತ್ತ ಕೋಶಗಳ ಗೋಡೆಗಳನ್ನು ಮಾತ್ರ. ಕೋಶದೊಳಗಿನ ಕೇಂದ್ರಕ್ಕೆ ಹೆಸರು ಬರಲು 1831ರ ತನಕ ಕಾಯಬೇಕಾಯಿತು. ಆರ್ಕಿಡ್ ಗಿಡಗಳ ಕೋಶಗಳಲ್ಲಿ ಅದನ್ನು ಗುರುತಿಸಿದವನು ರಾಬರ್ಟ್ ಬ್ರೌನ್. ಗಿಡಗಳೆಲ್ಲ ಕೋಶಗಳಿಂದ ಆದವು ಎಂದು 1838ರಲ್ಲಿ ಶ್ಲೈಡೆನ್, ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಶ್ವಾನ್ ಸಾರಿದರು.

ಹಾಗಾದರೆ ಹೊಸ ಕೋಶ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಶ್ಲೈಡೆನ್ ಕೊಟ್ಟ ಉತ್ತರ ತಪ್ಪಾಗಿತ್ತು. ದ್ರವದಲ್ಲಿ ಹರಳು ಕಟ್ಟುವ ರೀತಿಯಲ್ಲಿ ಕೋಶ ತಾನಾಗಿ ಮೂಡುತ್ತದೆ ಎಂದು ಅವನು ನಂಬಿದ್ದ. ಭ್ರೂಣಗಳ ಕೋಶಗಳು ಸೀಳಿ ಎರಡಾಗುವುದನ್ನು ರಾಬರ್ಟ್ ರೇಮಾಕ್ ಕಂಡ. ಪ್ರತಿಯೊಂದು ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆ ಎಂಬ ಮಾತನ್ನು 1855ರಲ್ಲಿ ರುಡಾಲ್ಫ್ ವಿರ್ಕೊ ಎತ್ತಿ ಹಿಡಿದ. ಕೋಶದ ಪಾಠ ಮತ್ತು ಸಂತಾನೋತ್ಪತ್ತಿಯ ಪಾಠ ಒಂದಾಗುವುದು ಇಲ್ಲಿಯೇ. ತಾನಾಗಿ ಉದ್ಭವಿಸಿದ ಕೋಶ ಯಾವುದೂ ನಮ್ಮ ಮೈಯಲ್ಲಿಲ್ಲ, ಈರುಳ್ಳಿಯಲ್ಲೂ ಇಲ್ಲ.

ಕೋಶದಿಂದ ಕೋಶ ಹುಟ್ಟುವುದನ್ನು ನೋಡಬೇಕೆಂದರೆ ಸಿಪ್ಪೆ ಸಾಲದು. ಸಿಪ್ಪೆಯ ಕೋಶಗಳು ಬೆಳೆದು ನಿಂತವು, ಅವು ಒಡೆಯುವುದಿಲ್ಲ. ಈರುಳ್ಳಿಯ ಬುಡ ಮಾತ್ರ ತಾಗುವಂತೆ ಒಂದು ಲೋಟ ನೀರಿನ ಮೇಲೆ ಕೂರಿಸಿದರೆ ಕೆಲವು ದಿನಗಳಲ್ಲಿ ಬಿಳಿ ಬೇರುಗಳು ಇಳಿಯುತ್ತವೆ. ಬೆಳವಣಿಗೆ ನಡೆಯುವುದು ಅವುಗಳ ತುದಿಯ ಒಂದೆರಡು ಮಿಲಿಮೀಟರಿನಲ್ಲಿ. ಆ ತುದಿಯನ್ನು ಆಮ್ಲದಲ್ಲಿ ಮೆದುವಾಗಿಸಿ, ಅಸಿಟೊಕಾರ್ಮಿನ್ ಬಣ್ಣ ಹಿಡಿಸಿ, ಕವರ್ ಸ್ಲಿಪ್ಪಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ಹರಡಬೇಕು. ಆಮ್ಲದ ಕೆಲಸ ಶಿಕ್ಷಕರದೇ. ಅವರು ಅಷ್ಟು ಮಾಡಿಕೊಟ್ಟರೆ, ಕೆಲವು ಕೋಶಗಳಲ್ಲಿ ದುಂಡನೆಯ ಕೇಂದ್ರದ ಬದಲು ಕೆಂಪು ಎಳೆಗಳು ಕಾಣುತ್ತವೆ. ಅವೇ ವರ್ಣತಂತುಗಳು. ಈರುಳ್ಳಿಯಲ್ಲಿ ಅವು 16. ಒಡೆಯುವ ಮುನ್ನ ಪ್ರತಿ ತಂತುವೂ ಜೋಡಿಯಾಗುತ್ತದೆ, ಆಮೇಲೆ ಜೋಡಿ ಬಿಡಿಸಿಕೊಂಡು ಒಂದೊಂದು ಪಾಲು ಒಂದೊಂದು ತುದಿಗೆ ಸರಿಯುತ್ತದೆ, ನಡುವೆ ಹೊಸ ಗೋಡೆ ಏಳುತ್ತದೆ. ಎರಡು ಕೋಶ, ಎರಡರಲ್ಲೂ 16. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಸಾಲಮಾಂಡರ್ ಮರಿಗಳ ಕೋಶಗಳಲ್ಲಿ ಈ ಇಡೀ ಕ್ರಮವನ್ನು ನೋಡಿ 1882ರಲ್ಲಿ ಪುಸ್ತಕವಾಗಿ ಪ್ರಕಟಿಸಿದ.

ಸ್ಲೈಡಿನ ಮೇಲಿರುವ ಕೋಶಗಳು ಸತ್ತಿರುತ್ತವೆ, ಚಲನೆ ಕಾಣದು. ಆದರೂ ಅಲ್ಲಿ ಕಾಲದ ಲೆಕ್ಕ ಅಡಗಿದೆ. ನೂರು ಕೋಶ ಎಣಿಸಿದಾಗ ಹತ್ತು ಮಾತ್ರ ಒಡೆಯುವ ಸ್ಥಿತಿಯಲ್ಲಿದ್ದವು ಎನ್ನಿ. ಅಂದರೆ ಕೋಶ ತನ್ನ ಒಂದು ಸುತ್ತಿನ ಬಾಳಿನಲ್ಲಿ ಹತ್ತರ ಒಂದು ಪಾಲನ್ನು ಮಾತ್ರ ಒಡೆಯುವುದಕ್ಕೆ ಬಳಸುತ್ತದೆ, ಉಳಿದ ಹೊತ್ತೆಲ್ಲ ಬೆಳೆಯುವುದಕ್ಕೆ, ಸಿದ್ಧತೆಗೆ. ಎಣಿಕೆ ಬರುವ ಯಾವ ಮಗುವಿಗೂ ಇದು ಎಟಕುವ ಸಂಶೋಧನೆ.

ಹೀಗೆ ಒಡೆದರೆ ಸಿಗುವುದು ನಕಲು. ಬೇರು ಉದ್ದವಾಗಲು, ಆಲೂಗಡ್ಡೆಯ ಕಣ್ಣಿನಿಂದ ಗಿಡ ಏಳಲು ಇಷ್ಟು ಸಾಕು. ತಂದೆ ತಾಯಿ ಇಬ್ಬರ ಗುಣವೂ ಕೂಡಿದ ಹೊಸ ಜೀವಕ್ಕೆ ಮಾತ್ರ ಎರಡು ಕೋಶಗಳು ಒಂದಾಗಬೇಕು. ಇದನ್ನು ಅರಿಯಲು ಮನುಷ್ಯರಿಗೆ ಸುಮಾರು ಇನ್ನೂರು ವರ್ಷ ಹಿಡಿಯಿತು. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1677ರಲ್ಲಿ ತಾನೇ ಉಜ್ಜಿ ಮಾಡಿದ ಒಂಟಿ ಮಸೂರದಲ್ಲಿ ವೀರ್ಯಾಣುಗಳು ಈಜುವುದನ್ನು ಕಂಡ. ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದು, ಓದುವವರಿಗೆ ಅಸಹ್ಯವೆನಿಸುವಂತಿದ್ದರೆ ಪ್ರಕಟಿಸಬೇಡಿ ಎಂದೂ ಕೇಳಿಕೊಂಡ. ಅಲ್ಲಿಂದ ವಾದ ಶುರುವಾಯಿತು. ಮಗು ಪೂರ್ತಿಯಾಗಿ ವೀರ್ಯಾಣುವಿನಲ್ಲೇ ಮುದುಡಿ ಕುಳಿತಿದೆ ಎಂದು ಕೆಲವರು, ಇಲ್ಲ, ಅಂಡದಲ್ಲೇ ಇದೆ ಎಂದು ಕೆಲವರು. ಸಸ್ತನಿಯ ಅಂಡ ಕಣ್ಣಿಗೆ ಬಿದ್ದದ್ದೇ 1827ರಲ್ಲಿ, ಕಾರ್ಲ್ ಫಾನ್ ಬೇರ್ ಅದನ್ನು ನಾಯಿಯಲ್ಲಿ ಕಂಡ. ಕೊನೆಗೆ ಆಸ್ಕರ್ ಹರ್ಟ್‌ವಿಗ್ 1876ರಲ್ಲಿ ಪ್ರಕಟಿಸಿದ ಅಧ್ಯಯನ ಜಗಳವನ್ನು ಬಗೆಹರಿಸಿತು. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಅಂಡ ಪಾರದರ್ಶಕ. ಅದರೊಳಗೆ ವೀರ್ಯಾಣುವಿನ ಕೇಂದ್ರ ಮತ್ತು ಅಂಡದ ಕೇಂದ್ರ ಸೇರಿ ಒಂದಾಗುವುದನ್ನು ಅವನು ನೋಡಿದ. ಮುದುಡಿದ ಮಗು ಎರಡರಲ್ಲೂ ಇರಲಿಲ್ಲ. ಮನುಷ್ಯರಲ್ಲಿ ಅಂಡದ ಅಗಲ ಸುಮಾರು 0.1 ಮಿಲಿಮೀಟರ್, ವೀರ್ಯಾಣುವಿನ ತಲೆ ಅದರ ಇಪ್ಪತ್ತರಲ್ಲೊಂದು ಪಾಲು. ಆದರೂ ಇಬ್ಬರೂ ತರುವ ವರ್ಣತಂತುಗಳು ಸಮಸಮ, 23 ಮತ್ತು 23. ಈ ಮಾತನ್ನು ತರಗತಿಯಲ್ಲಿ ತಲೆ ತಗ್ಗಿಸದೆ ಹೇಳಬಹುದು, ಹೇಳಬೇಕು.

ಹರ್ಟ್‌ವಿಗ್ ಕಂಡದ್ದನ್ನು ಶಾಲೆಯಲ್ಲಿ ತೋರಿಸುವುದು ಕಷ್ಟ. ಹೂವಿನಲ್ಲಿ ಅದರ ಹಿಂದಿನ ಹೆಜ್ಜೆಯನ್ನು, ಅದೂ ಜೀವಂತವಾಗಿ, ತೋರಿಸಬಹುದು. ಸಕ್ಕರೆಯನ್ನು ನೂರಕ್ಕೆ ಹತ್ತರಂತೆ ನೀರಿನಲ್ಲಿ ಕರಗಿಸಿ, ಒಂದು ಹನಿಯನ್ನು ಸ್ಲೈಡಿನ ಮೇಲಿಟ್ಟು, ಹೊಸದಾಗಿ ಅರಳಿದ ಕರ್ಣಕುಂಡಲದ್ದೋ ನಿತ್ಯಪುಷ್ಪದ್ದೋ ಬಟಾಣಿ ಹೂವಿನದೋ ಪರಾಗವನ್ನು ಅದರ ಮೇಲೆ ಉದುರಿಸಿ. ಹದಿನೈದರಿಂದ ಮೂವತ್ತು ನಿಮಿಷ ಬಿಟ್ಟು ಚಿಕ್ಕ ಮಸೂರದಲ್ಲಿ ನೋಡಿದರೆ ಕೆಲವು ಪರಾಗರೇಣುಗಳಿಂದ ತೆಳುವಾದ ನಳಿಕೆ ಹೊರಟಿರುತ್ತದೆ. ಕಾದು ಕುಳಿತರೆ ಅದು ಉದ್ದವಾಗುತ್ತಾ ಹೋಗುವುದೂ, ಒಳಗಿನ ಕಣಗಳು ಹರಿದಾಡುವುದೂ ಕಾಣುತ್ತದೆ. ಎಲ್ಲ ರೇಣುಗಳೂ ಮೊಳೆಯುವುದಿಲ್ಲ. ಎಷ್ಟರಲ್ಲಿ ಎಷ್ಟು ಮೊಳೆತವು, ಸಕ್ಕರೆ ಹೆಚ್ಚಾದರೆ ಏನಾಗುತ್ತದೆ, ಬೆಳಗಿನ ಹೂವಿಗೂ ಸಂಜೆಯ ಹೂವಿಗೂ ವ್ಯತ್ಯಾಸವಿದೆಯೇ ಎಂದು ಮಕ್ಕಳೇ ಪರೀಕ್ಷಿಸಲಿ.

ಈ ನಳಿಕೆಯನ್ನು ಮೊದಲು ಕಂಡವನು ಇಟಲಿಯ ಜೊವಾನಿ ಬತ್ತಿಸ್ತಾ ಅಮೀಚಿ. ಅವನು ಸ್ವತಃ ಸೂಕ್ಷ್ಮದರ್ಶಕ ತಯಾರಿಸುವವ. 1823ರ ಸುಮಾರಿಗೆ ಹೂವೊಂದರ ಶಲಾಕಾಗ್ರದ ರೋಮಗಳನ್ನು ಪರೀಕ್ಷಿಸುತ್ತಿದ್ದಾಗ, ಅಂಟಿಕೊಂಡಿದ್ದ ಪರಾಗರೇಣು ನಳಿಕೆ ಚಾಚಿದ್ದು ಅವನ ಕಣ್ಣಿಗೆ ಬಿತ್ತು. ಆ ಗಿಡ ಯಾವುದು ಗೊತ್ತೇ? ನಮ್ಮ ಗೋಣಿಸೊಪ್ಪು. ಹೊಲದ ಬದುವಿನಲ್ಲಿ ತಾನಾಗಿ ಹಬ್ಬುವ, ಸಾರಿಗೆ ಹಾಕುವ ಅದೇ ಸೊಪ್ಪು.

ಹೂ ಬಿಡುವ ಗಿಡಗಳ ಗಂಡು ಕೋಶಗಳಿಗೆ ಈಜು ಬಾರದು. ನಳಿಕೆಯೇ ಅವನ್ನು ಅಂಡಕದ ತನಕ ಒಯ್ಯಬೇಕು. ಮೆಕ್ಕೆಜೋಳದಲ್ಲಿ ಈ ಪಯಣದ ಉದ್ದ ಬೆರಗು ಹುಟ್ಟಿಸುತ್ತದೆ. ತೆನೆಯ ತುದಿಯಲ್ಲಿ ಇಳಿಬಿದ್ದ ಕೂದಲಿನ ಪ್ರತಿ ಎಳೆಯೂ ಒಂದೊಂದು ಅಂಡಾಶಯಕ್ಕೆ ಸೇರಿದ್ದು. ಪರಾಗ ಎಳೆಯ ಹೊರತುದಿಗೆ ಬಿದ್ದರೆ, ನಳಿಕೆ ಆ ಎಳೆಯೊಳಗೇ ಗೇಣುದ್ದ ಬೆಳೆದು ಕೆಳಗಿನ ಅಂಡವನ್ನು ಮುಟ್ಟಬೇಕು. ಸುಟ್ಟ ತೆನೆ ತಿನ್ನುವಾಗ ನಡುನಡುವೆ ಕಾಳಿಲ್ಲದ ಖಾಲಿ ಜಾಗ ಕಾಣುತ್ತದಲ್ಲ, ಅಲ್ಲಿನ ಎಳೆಗೆ ಪರಾಗ ತಲುಪದಿದ್ದುದೇ ಬಹುಪಾಲು ಅದಕ್ಕೆ ಕಾರಣ.

ನಳಿಕೆ ಒಯ್ಯುವುದು ಒಂದಲ್ಲ, ಎರಡು ಗಂಡು ಕೋಶ. ಒಂದು ಅಂಡದೊಡನೆ ಕೂಡಿ ಭ್ರೂಣಕ್ಕೆ ಮೊದಲಾಗುತ್ತದೆ. ಎರಡನೆಯದು ಪಕ್ಕದ ದೊಡ್ಡ ಕೋಶದ ಎರಡು ಕೇಂದ್ರಗಳೊಡನೆ ಬೆರೆತು ಭ್ರೂಣಕ್ಕೆ ಬೇಕಾದ ಆಹಾರವನ್ನು ಕಟ್ಟುತ್ತದೆ. ಇದನ್ನು 1898ರಲ್ಲಿ ಕಂಡುಹಿಡಿದವನು ಕೀವ್ ನಗರದ ಸೆರ್ಗೆಯ್ ನವಾಶಿನ್. ಭ್ರೂಣ ರೂಪುಗೊಳ್ಳುವ ಈ ಬಗೆಗಳ ಅಧ್ಯಯನ ನಮ್ಮ ದೇಶದಲ್ಲೂ ಬಲವಾಗಿ ಬೇರೂರಿತು. ‘ಹಸುರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿ ಅವರ ಸಂಶೋಧನೆಯ ದೊಡ್ಡ ಭಾಗ, ಅದರಲ್ಲೂ ಆರ್ಕಿಡ್‌ಗಳ ಮೇಲಿನದು, ಇದೇ ಕ್ಷೇತ್ರದ್ದು. ದೆಹಲಿ ವಿಶ್ವವಿದ್ಯಾಲಯದಲ್ಲಿ ಪಂಚಾನನ ಮಾಹೇಶ್ವರಿ ಅವರ ತಂಡ 1962ರಲ್ಲಿ ಗಸಗಸೆ ಗಿಡದ ಅಂಡಕಗಳನ್ನೂ ಪರಾಗವನ್ನೂ ಗಾಜಿನ ನಳಿಕೆಯೊಳಗೆ ಸೇರಿಸಿ, ಅಲ್ಲಿಯೇ ಫಲಗೊಳಿಸಿ ತೋರಿಸಿತು.

ಎರಡನೆಯ ಆ ಕೂಡಿಕೆಯಿಂದ ಬರುವ ಆಹಾರವೇ ನಮ್ಮ ಊಟವೂ ಹೌದು. ಅಕ್ಕಿ, ರಾಗಿ, ಗೋಧಿಯ ಹಿಟ್ಟಿನ ಭಾಗವೆಲ್ಲ ಅದು. ಕಡಲೆ, ತೊಗರಿಯಲ್ಲಿ ಮಾತ್ರ ಭ್ರೂಣ ಅದನ್ನು ಮೊದಲೇ ಉಂಡು ಮುಗಿಸಿರುತ್ತದೆ, ಬೇಳೆಯ ಎರಡು ಹೋಳುಗಳು ಭ್ರೂಣದ ಎಲೆಗಳೇ. ನೆನೆಸಿದ ಕಡಲೆಯನ್ನು ಬಿಡಿಸಿದರೆ ಹೋಳುಗಳ ನಡುವೆ ಮರಿಗಿಡ ಬರಿಗಣ್ಣಿಗೇ ಕಾಣುತ್ತದೆ. ತೆಂಗಿನದು ಇನ್ನೂ ವಿಚಿತ್ರ. ಅಲ್ಲಿ ಕೇಂದ್ರಗಳು ಗೋಡೆ ಕಟ್ಟಿಕೊಳ್ಳದೆ ಒಡೆಯುತ್ತಾ ಹೋಗುತ್ತವೆ. ಎಳನೀರು ಎಂದರೆ ಸಾವಿರಾರು ಕೋಶಕೇಂದ್ರಗಳು ತೇಲುವ ದ್ರವ. ಕಾಯಿ ಬಲಿತಂತೆ ಚಿಪ್ಪಿನ ಅಂಚಿನಿಂದ ಗೋಡೆಗಳು ಮೂಡಿ, ಮೊದಲು ಗಂಜಿಯಂಥ ತಿಳಿ ಪದರವಾಗಿ, ಆಮೇಲೆ ಗಟ್ಟಿ ತಿರುಳಾಗಿ ಕೋಶಗಳು ನೆಲೆಗೊಳ್ಳುತ್ತವೆ.