ಡಿಸ್ಕ್ರಿಮಿನೇಷನ್: ಗುಣವೋ, ದೋಷವೋ?

ಡಿಸ್ಕ್ರಿಮಿನೇಷನ್ ಅಂದರೆ ಅನ್ಯಾಯ ತಾನೇ?
ಹೌದು. ಆದರೆ ಅದೇ ಇಂಗ್ಲಿಷ್ ಪದಕ್ಕೆ ವಿವೇಚನೆ ಅನ್ನೋ ಒಳ್ಳೆಯ ಅರ್ಥವೂ ಇದೆ!
ನಮ್ಮ ‘ತಾರತಮ್ಯ’ವೂ ಹಾಗೇ.
ಸಂಸ್ಕೃತದಲ್ಲಿ ‘ತರ’ ಅಂದರೆ ಇನ್ನೂ ಹೆಚ್ಚು, ‘ತಮ’ ಅಂದರೆ ಎಲ್ಲಕ್ಕಿಂತ ಹೆಚ್ಚು.
ತರತಮಜ್ಞಾನ ಇದ್ದರೆ ಹೊಗಳಿಕೆ. ತಾರತಮ್ಯ ಮಾಡಿದರೆ ದೂರು.

ಮೊರದಲ್ಲಿ ಅಕ್ಕಿ ಆರಿಸೋದನ್ನು ನೆನೆಯಿರಿ.
ಕಲ್ಲು ಕಂಡು ತೆಗೆದರೆ, ವಿವೇಕ.
ಯಾರ ಗದ್ದೆಯದು ಅಂತ ಕೇಳಿ ಅಕ್ಕಿಯನ್ನೇ ಚೆಲ್ಲಿದರೆ, ಅನ್ಯಾಯ.

ಹಾಗಾದರೆ ಆರಿಸೋದೇ ತಪ್ಪಾ? ಅಲ್ಲ.
ಆರಿಸೋಕೆ ಕೊಡುವ ಕಾರಣ ಮುಖ್ಯ.
ಬರೀ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ಸರ್ಕಾರ ಭೇದ ಮಾಡುವಂತಿಲ್ಲ ಅನ್ನುತ್ತದೆ ಸಂವಿಧಾನದ 15ನೇ ವಿಧಿ.

ಕವಿ ಸರ್ವಜ್ಞನ ಹೆಸರು ಹೊತ್ತ ಬೆಂಗಳೂರಿನ ಸರ್ವಜ್ಞನಗರದಲ್ಲಿ ಕನ್ನಡ, ತಮಿಳು, ಉರ್ದು ಅಕ್ಕಪಕ್ಕ ಬಾಳುತ್ತವೆ.
ಇಲ್ಲಿ ಮನೆ ಬಾಡಿಗೆಗೆ ಕೊಡುವಾಗಲೂ ಸರಿಯಾದ ಕಾರಣಕ್ಕೇ ಆರಿಸಿ: ನಡತೆ ನೋಡಿ.
ಜಾತಿ ಕೇಳಬೇಡಿ.