ಹೆಬ್ಬೆಟ್ಟಿನ ಗೆರೆ ಎಲ್ಲಿ ಹೋಯಿತು?

ಅಕ್ಕತಂಗಿಯರೇ, ನಮ್ಮ ಕೈ ಬೆಳಗಿನಿಂದ ರಾತ್ರಿವರೆಗೆ ಸುಮ್ಮನೆ ಇರುವುದಿಲ್ಲ. ಪಾತ್ರೆ ತಿಕ್ಕುತ್ತೇವೆ. ಬಟ್ಟೆ ಒಗೆಯುತ್ತೇವೆ. ಕಳೆ ಕೀಳುತ್ತೇವೆ. ಗಾರೆ ಕೆಲಸಕ್ಕೆ ಹೋಗಿ ಸಿಮೆಂಟು ಹೊರುತ್ತೇವೆ. ಬೀಡಿ ಕಟ್ಟುತ್ತೇವೆ. ಕೈ ಬಿರಿದರೆ, ಉರಿದರೆ, “ದುಡಿಯೋ ಕೈ ಇರೋದೇ ಹೀಗೆ” ಅಂತ ಸುಮ್ಮನಾಗುತ್ತೇವೆ.

ಹಿಂದೆ ಓದು ಬರದವರನ್ನು “ಹೆಬ್ಬೆಟ್ಟು” ಅಂತ ಹೀಗಳೆಯುತ್ತಿದ್ದರು. ನಾವು ಅಕ್ಷರ ಕಲಿತೆವು. ಸಹಿ ಹಾಕಲು ಕಲಿತೆವು. ಆದರೆ ಈಗ ರೇಷನ್ ಅಂಗಡಿಯ ಯಂತ್ರ ಮತ್ತೆ ಹೆಬ್ಬೆಟ್ಟನ್ನೇ ಕೇಳುತ್ತದೆ. ಕೆಲವರು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಸೆರಗಿಗೆ ಒರೆಸಿ ಒತ್ತಿದರೂ ಒಪ್ಪುವುದಿಲ್ಲ. ಬೆರಳಿನ ಗೆರೆ ಸವೆದುಹೋಗಿರುತ್ತದೆ.

ಈ ಗೆರೆ ಎಲ್ಲಿ ಹೋಯಿತು? ಹೇಗೆ ಹೋಯಿತು? ತಿಳಿಯೋಣ ಬನ್ನಿ.

ಗೋಡೆಗೆ ಸಾರಣೆ, ಚರ್ಮಕ್ಕೆ ಜಿಡ್ಡು

ನಮ್ಮ ಚರ್ಮದಲ್ಲಿ ಪದರಗಳಿವೆ. ಮೇಲಿನ ಪದರ ದಿನವೂ ಸವೆಯುತ್ತದೆ. ಕೆಳಗಿನಿಂದ ಹೊಸದು ಹುಟ್ಟಿ ಮೇಲೆ ಬರುತ್ತದೆ. ಬೆರಳ ಗೆರೆಯ ಬೇರು ಇರುವುದು ಒಳಗಿನ ಪದರದಲ್ಲಿ. ನಾವು ತಾಯಿಯ ಹೊಟ್ಟೆಯಲ್ಲಿ ಇದ್ದಾಗಲೇ ಆ ಗೆರೆ ಮೂಡಿದೆ. ಆದ್ದರಿಂದ ಮೇಲೆ ಸವೆದರೂ ಬೇರು ಉಳಿದಿರುತ್ತದೆ. ಕೈಗೆ ಕೆಲವು ವಾರ ಬಿಡುವು ಸಿಕ್ಕರೆ ಗೆರೆ ಸಾಮಾನ್ಯವಾಗಿ ಮತ್ತೆ ಕಾಣುತ್ತದೆ. ಆಳವಾಗಿ ಸುಟ್ಟು ಗಾಯವಾದರೆ ಮಾತ್ರ ಗೆರೆ ಮರಳುವುದು ಕಷ್ಟ.

ಚರ್ಮಕ್ಕೆ ತನ್ನದೇ ಜಿಡ್ಡು ಇದೆ. ಮಣ್ಣಿನ ಗೋಡೆಗೆ ಸಾರಣೆ ಇದ್ದ ಹಾಗೆ ಅದು. ಸಾರಣೆ ಹೋದ ಗೋಡೆ ಬಿರಿಯುತ್ತದೆ. ಜಿಡ್ಡು ಹೋದ ಚರ್ಮವೂ ಬಿರಿಯುತ್ತದೆ. ಬಿರುಕಿನ ಮೂಲಕ ಬೇಡದ್ದೆಲ್ಲ ಒಳಗೆ ಹೋಗುತ್ತದೆ.

ಸೋಪಿನ ಪುಡಿ, ವಾಷಿಂಗ್ ಸೋಡಾ, ಬ್ಲೀಚಿಂಗ್ ಪೌಡರ್ ಇವು ಕೊಳೆಯ ಜೊತೆಗೆ ಈ ಜಿಡ್ಡನ್ನೂ ತೆಗೆಯುತ್ತವೆ. ಕೈಗೆ ಹತ್ತಿದ ಬಣ್ಣ ಹೋಗಲಿ ಅಂತ ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ತೊಳೆದರೂ ಅಷ್ಟೇ. ಬಣ್ಣ ಹೋಗುತ್ತದೆ, ಜಿಡ್ಡೂ ಹೋಗುತ್ತದೆ.

ಸಿಮೆಂಟು ಬೆಂಕಿಯಿಲ್ಲದೆ ಸುಡುತ್ತದೆ

ಒಣ ಸಿಮೆಂಟಿಗೆ ನೀರು ಬಿದ್ದರೆ ಅದು ಸುಣ್ಣದ ಹಾಗೆ ಖಾರವಾಗುತ್ತದೆ. ಹಸಿ ಸಿಮೆಂಟು ಕೈಗೆ ಮೆತ್ತಿಕೊಂಡಾಗ ಮೊದಲು ಏನೂ ಅನ್ನಿಸುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಉರಿ ಶುರುವಾಗುತ್ತದೆ. ಅಷ್ಟರಲ್ಲಿ ಚರ್ಮ ಸುಟ್ಟಿರುತ್ತದೆ.

ಸಿಮೆಂಟಿನಲ್ಲಿ ಕ್ರೋಮಿಯಂ ಅನ್ನುವ ಲೋಹದ ಅಂಶವೂ ಇರುತ್ತದೆ. ಅದು ಕೆಲವರ ಮೈಗೆ ಆಗಿಬರುವುದಿಲ್ಲ. ಕೈಯಲ್ಲಿ ತುರಿಕೆ, ಗುಳ್ಳೆ, ಸೀಳು ಬರುತ್ತವೆ. ಒಮ್ಮೆ ಹೀಗೆ ಶುರುವಾದರೆ ಮುಂದೆ ಸ್ವಲ್ಪ ಸಿಮೆಂಟು ತಾಗಿದರೂ ಮತ್ತೆ ಬರಬಹುದು. ಬಾಳಿನುದ್ದಕ್ಕೂ ಕಾಡಬಹುದು.

ಇದನ್ನು ತಡೆಯಲು ಆಗುವುದಿಲ್ಲವೇ? ಆಗುತ್ತದೆ. ಸಿಮೆಂಟಿಗೆ ಕಬ್ಬಿಣದ ಒಂದು ಲವಣ ಬೆರೆಸಿದರೆ ಈ ಕ್ರೋಮಿಯಂನ ಕಾಟ ಕಡಿಮೆಯಾಗುತ್ತದೆ. ಯುರೋಪಿನ ದೇಶಗಳು 2005ರಿಂದ ಇದಕ್ಕೆ ಕಾನೂನಿನ ಮಿತಿ ಹಾಕಿವೆ. ಹತ್ತು ಲಕ್ಷ ಪಾಲು ಸಿಮೆಂಟಿನಲ್ಲಿ ಕೆಡುಕು ಮಾಡುವ ಕ್ರೋಮಿಯಂ 2 ಪಾಲಿಗಿಂತ ಹೆಚ್ಚು ಇರಬಾರದು. ಅಂದರೆ ಕೈ ಕೆಡುವುದು ನಮ್ಮ ಹಣೆಬರಹ ಅಲ್ಲ.

ಕೈಯಿಂದ ಮೈಗೆ

ಕೆಲವು ವಸ್ತುಗಳು ಚರ್ಮವನ್ನು ಸುಡುವುದಿಲ್ಲ. ಸದ್ದಿಲ್ಲದೆ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತವೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪು ಮುರಿಯುವುದು ಮಳೆಗಾಲದಲ್ಲಿ. ಒದ್ದೆ ಸೊಪ್ಪಿನಿಂದ ನಿಕೋಟಿನ್ ಅನ್ನುವ ವಿಷ ನೀರಿಗೆ ಇಳಿದು, ಕೈಯ ಚರ್ಮದ ಮೂಲಕ ಒಳಗೆ ಹೋಗುತ್ತದೆ. ತಲೆ ಸುತ್ತುತ್ತದೆ. ತಲೆ ನೋಯುತ್ತದೆ. ವಾಂತಿಯಾಗುತ್ತದೆ. ಒಂದು ಬೀಡಿಯನ್ನೂ ಸೇದದ ಹೆಂಗಸಿಗೂ ಹೀಗಾಗುತ್ತದೆ. ಇದು ಬಿಸಿಲಿನ ಸುಸ್ತು ಅಲ್ಲ, ಸೊಪ್ಪಿನ ವಿಷ.

ಇನ್ನು ಬೆಳೆಗೆ ಹೊಡೆಯುವ ಔಷಧಿ. ನಾವು ಅದನ್ನು ಔಷಧಿ ಅಂತ ಕರೆಯುತ್ತೇವೆ. ಆದರೆ ಅದು ವಿಷ. ಅದನ್ನು ಬರಿಗೈಯಲ್ಲಿ ಕಲಸಿದರೆ ವಿಷ ಮೈಗೆ ಸೇರುತ್ತದೆ. ಹೊಡೆದ ಹೊಲದಲ್ಲಿ ಕಳೆ ಕಿತ್ತರೂ, ಹೊಡೆದವರ ಬಟ್ಟೆ ಒಗೆದರೂ ಕೈಗೆ ತಾಗುತ್ತದೆ. ಕೈ ನಡುಕ, ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು, ವಾಂತಿ ಇವು ಹಲವು ಕೀಟನಾಶಕಗಳ ವಿಷದ ಗುರುತು. ಹೀಗಾದರೆ ಬಟ್ಟೆ ಬದಲಿಸಿ, ಮೈಯನ್ನು ಸೋಪು ಹಾಕಿ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆಂಬುಲೆನ್ಸಿಗೆ 108ಕ್ಕೆ ಫೋನ್ ಮಾಡಬಹುದು. ಡಬ್ಬಿಯ ಚೀಟಿಯನ್ನು ಜೊತೆಗೆ ಒಯ್ಯಬೇಕು. ಯಾವ ವಿಷ ಅಂತ ವೈದ್ಯರಿಗೆ ತಿಳಿಯುತ್ತದೆ.

ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ನೋಡಿ ತಿಳಿಯೋಣ:

ಕೆಂಪು – ಅತಿ ಘೋರ ವಿಷ.
ಹಳದಿ – ಹೆಚ್ಚು ವಿಷ.
ನೀಲಿ – ಮಧ್ಯಮ ವಿಷ.
ಹಸಿರು – ಸ್ವಲ್ಪ ವಿಷ.

ಹಸಿರು ಅಂದರೆ ವಿಷವೇ ಇಲ್ಲ ಅಂತ ಅಲ್ಲ. ಮರೆಯಬೇಡಿ.

ಮೈಯಿಂದ ಕೈಗೆ

ನುಂಗಿದ ಮಾತ್ರೆಯೂ ಕೈಯಲ್ಲಿ ಕಾಣಿಸಿಕೊಳ್ಳಬಹುದು. ಕ್ಯಾನ್ಸರ್ ಕಾಯಿಲೆಗೆ ಕೊಡುವ ಕೆಪೆಸಿಟಾಬಿನ್ ಅನ್ನುವ ಮಾತ್ರೆ ಇದೆ. ಅದನ್ನು ತೆಗೆದುಕೊಳ್ಳುವ ಕೆಲವರಿಗೆ ಅಂಗೈ ಅಂಗಾಲು ಕೆಂಪಾಗಿ, ಉರಿದು, ಸಿಪ್ಪೆ ಏಳುತ್ತದೆ. ಬೆರಳ ಗೆರೆ ಅಳಿಸುವುದೂ ಉಂಟು. ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬರನ್ನು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಸುಮಾರು ನಾಲ್ಕು ಗಂಟೆ ತಡೆದಿದ್ದರು. ಅವರ ಬೆರಳಿನಲ್ಲಿ ಗೆರೆಯೇ ಇರಲಿಲ್ಲ! ಸಿಂಗಾಪುರದ ವೈದ್ಯರು 2009ರಲ್ಲಿ ಇದನ್ನು ಬರೆದು ತಿಳಿಸಿದರು. ಹೀಗಾಯಿತು ಅಂತ ಮಾತ್ರೆಯನ್ನು ನಾವೇ ನಿಲ್ಲಿಸಬಾರದು. ಬೇಗ ವೈದ್ಯರಿಗೆ ಹೇಳಬೇಕು. ಅವರು ಪ್ರಮಾಣ ಬದಲಿಸುತ್ತಾರೆ.

ಕೈ ತುರಿಕೆಗೆ ಅಂಗಡಿಯಿಂದ ಮುಲಾಮು ತಂದು ಹಚ್ಚುತ್ತೇವೆ. ಅಂಥ ಹಲವು ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ಹಾಯೆನಿಸುತ್ತದೆ. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹುಳುಕಡ್ಡಿ ಇದ್ದರೆ ಇನ್ನೂ ಹರಡುತ್ತದೆ.

ನಾವೇನು ಮಾಡೋಣ?

• ಸಿಮೆಂಟು, ಬ್ಲೀಚಿಂಗ್ ಪೌಡರ್, ಕೀಟನಾಶಕ ಮುಟ್ಟುವಾಗ ರಬ್ಬರ್ ಗ್ಲೌಸು ಹಾಕೋಣ. ಕೆಲಸ ಕೊಟ್ಟವರನ್ನು ಗ್ಲೌಸು ಕೇಳೋಣ. ಒಬ್ಬರೇ ಕೇಳಿದರೆ ಗದರಿಸಬಹುದು. ಹತ್ತು ಜನ ಸೇರಿ ಕೇಳೋಣ.
• ತೂತಾದ ಗ್ಲೌಸು ಬೇಡ. ಒಳಗೆ ನುಗ್ಗಿದ ವಿಷ ಅಲ್ಲೇ ನಿಂತು ಹೆಚ್ಚು ಕೆಡಿಸುತ್ತದೆ.
• ಕೈಗೆ ತಾಗಿದ ಕೂಡಲೇ ತೊಳೆಯೋಣ. ಸಂಜೆವರೆಗೆ ಕಾಯುವುದು ಬೇಡ.
• ತೊಳೆಯದೆ ಊಟ ಮಾಡುವುದು, ಎಲೆಅಡಿಕೆ ಹಾಕುವುದು, ಮಗುವಿಗೆ ಹಾಲು ಕೊಡುವುದು ಬೇಡ.
• ಔಷಧಿ ಹೊಡೆದವರ ಬಟ್ಟೆಯನ್ನು ಬೇರೆಯಾಗಿ ಒಗೆಯೋಣ. ಮನೆಯವರ ಬಟ್ಟೆ ಜೊತೆ ಸೇರಿಸುವುದು ಬೇಡ.
• ಕೆಲಸ ಮುಗಿದು ಕೈ ತೊಳೆದ ಮೇಲೆ ಕೊಬ್ಬರಿ ಎಣ್ಣೆ ಸವರೋಣ. ಹೋದ ಜಿಡ್ಡಿನ ಬದಲು ಇದು ಕಾಯುತ್ತದೆ.

ಯಂತ್ರ ಒಪ್ಪದಿದ್ದರೆ?

ಮೊದಲು ಕೈ ತೊಳೆದು ಬೇರೆ ಬೆರಳು ಒತ್ತಿ ನೋಡಿ. ಕಾರ್ಡಿನಲ್ಲಿ ಹೆಸರಿರುವ ಮನೆಯ ಇನ್ನೊಬ್ಬರು ಬೆರಳು ಕೊಡಬಹುದು. ಮೊಬೈಲಿಗೆ ಬರುವ ಗುಟ್ಟಿನ ಸಂಖ್ಯೆ ಹೇಳುವ ದಾರಿ ಇದೆಯೇ ಅಂತ ಅಂಗಡಿಯಲ್ಲಿ ಕೇಳಿ. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚನ್ನು ಹೊಸದಾಗಿ ಕೊಡಬಹುದು.

ಒಂದು ಮಾತು ನೆನಪಿಡಿ. ಬೆರಳು ಹೊಂದಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅರ್ಹರಿಗೆ ರೇಷನ್ ತಪ್ಪಿಸಬಾರದು ಅಂತ ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ಅಂಗಡಿಯವರು “ಹೋಗಮ್ಮ, ನಾಳೆ ಬಾ” ಅಂದರೆ ಬರಿಗೈಯಲ್ಲಿ ಬರಬೇಡಿ. ಒಂದು ಹಾಳೆ ತೆಗೆದುಕೊಳ್ಳಿ. ಕಾರ್ಡಿನ ಸಂಖ್ಯೆ ಬರೆಯಿರಿ. ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ತಾಲೂಕು ಕಚೇರಿಯ ಆಹಾರ ಶಾಖೆಗೆ ಕೊಡಿ. ಕೊಟ್ಟಿದ್ದಕ್ಕೆ ರಸೀತಿ ಕೇಳಿ.

ಆ ಅರ್ಜಿಯ ಕೆಳಗೆ ಹೆಬ್ಬೆಟ್ಟು ಬೇಡ. ನಮ್ಮ ಹೆಸರನ್ನು ನಾವೇ ಬರೆಯೋಣ. ಅದನ್ನು ಯಾವ ಸೋಡಾ, ಯಾವ ಸಿಮೆಂಟೂ ಅಳಿಸಲಾರದು.

ಕೂಡಿ ಮಾತಾಡೋಣ

1. ನಿಮ್ಮ ಕೆಲಸದಲ್ಲಿ ಕೈಗೆ ತಾಗುವ ವಸ್ತುಗಳು ಯಾವುವು? ಪಟ್ಟಿ ಮಾಡಿ.
2. ನಿಮ್ಮ ಮನೆಯಲ್ಲಿರುವ ಕೀಟನಾಶಕದ ಡಬ್ಬಿಯ ಮೇಲೆ ಯಾವ ಬಣ್ಣ ಇದೆ?
3. ಊರಿನಲ್ಲಿ ಯಾರಿಗೆಲ್ಲ ಬೆರಳು ಹೊಂದದೆ ರೇಷನ್ ತಪ್ಪಿದೆ? ಅವರ ಜೊತೆ ಕೂತು ಅರ್ಜಿ ಬರೆಯಿರಿ.